ಮೊದಲ ಪ್ರೋಗ್ರಾಮಿಂಗ್ ಪುಸ್ತಕ: ಭಾಷೆಯ ಹೆಸರಿಗಿಂತ ಲೆಕ್ಕಗಳು ಮುಖ್ಯ

ಇಂಜಿನಿಯರಿಂಗ್ ಅಥವಾ ಬಿ.ಸಿ.ಎ. ತರಗತಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಪ್ರೋಗ್ರಾಮಿಂಗ್ ಕಲಿಯಲು ಮೊದಲು ಯಾವ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಾರೆ ಎಂಬುದು ಬೋಧಕರಿಗೆ ಸಂಬಂಧಿಸಿದ ವಿಷಯ, ವ್ಯಾಪಾರೋದ್ಯಮಿಗಳಿಗೆ ಅದರ ಗೊಡವೆ ಏಕೆ ಎಂದು ಹಲವರಿಗೆ ಅನ್ನಿಸಬಹುದು. ಆದರೆ ಅದೇ ವಿದ್ಯಾರ್ಥಿಗಳು ಮೂರು ನಾಲ್ಕು ವರ್ಷಗಳ ತರುವಾಯ ಯಾವುದಾದರೊಂದು ಸಂಸ್ಥೆಯ ಬಿಲ್ಲಿಂಗ್ ತಂತ್ರಾಂಶವನ್ನೋ, ಗೋದಾಮಿನ ದಾಸ್ತಾನು ಲೆಕ್ಕವನ್ನೋ, ಯಂತ್ರವೊಂದರ ನಿಯಂತ್ರಣ ವ್ಯವಸ್ಥೆಯನ್ನೋ ಸಿದ್ಧಪಡಿಸಲು ಬಂದು ಕುಳಿತುಕೊಳ್ಳುತ್ತಾರೆ. ಮೊದಲ ವರ್ಷದಲ್ಲಿ ರೂಢಿಯಾದ ಯೋಚನಾಕ್ರಮವು ಅಲ್ಲಿಯವರೆಗೂ ಅವರ ಬೆನ್ನು ಬಿಡುವುದಿಲ್ಲ. ಅದು ಸರಿಯಿದ್ದರೆ ಲಾಭವೂ ತಪ್ಪಿದ್ದರೆ ನಷ್ಟವೂ ಕೊನೆಗೆ ಉದ್ಯಮಿಯ ಖಾತೆಗೇ ಬಂದು ಬೀಳುತ್ತವೆ.

ದೊಡ್ಡ ಸಂಸ್ಥೆಗಳು ಈ ಕೊರತೆಯನ್ನು ಹಣ ಸುರಿದು ತುಂಬಿಕೊಂಡವು. ಇನ್ಫೋಸಿಸ್ ಸಂಸ್ಥೆಯು 2004ರಲ್ಲಿ ಕಾಲೇಜುಗಳೊಡನೆ ಕೈಜೋಡಿಸಲು ‘ಕ್ಯಾಂಪಸ್ ಕನೆಕ್ಟ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. 2005ರಲ್ಲಿ ಮೈಸೂರಿನಲ್ಲಿ ವಿಶಾಲವಾದ ತರಬೇತಿ ಕೇಂದ್ರವನ್ನೇ ತೆರೆಯಿತು. ಪದವಿ ಮುಗಿಸಿ ಬಂದವರಿಗೆ ಸಂಬಳ, ವಸತಿ ಕೊಟ್ಟು ತಿಂಗಳುಗಟ್ಟಲೆ ಪ್ರೋಗ್ರಾಮಿಂಗನ್ನು ಮತ್ತೆ ಬುಡದಿಂದ ಹೇಳಿಕೊಡುವ ಏರ್ಪಾಡು ಅದು. ಅದೇ 2005ರಲ್ಲಿ ನಾಸ್ಕಾಂ ಮತ್ತು ಮೆಕಿನ್ಸೆ ಜೊತೆಗೂಡಿ ಪ್ರಕಟಿಸಿದ ವರದಿಯು ಭಾರತದ ಇಂಜಿನಿಯರಿಂಗ್ ಪದವೀಧರರಲ್ಲಿ ಸುಮಾರು ಶೇ. 25ರಷ್ಟು ಮಂದಿ ಮಾತ್ರ ಈ ಉದ್ಯಮದ ಕೆಲಸಕ್ಕೆ ಅರ್ಹರು ಎಂದು ಹೇಳಿತ್ತು. ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಹತ್ತು ಹದಿನೈದು ಮಂದಿಯನ್ನಿಟ್ಟುಕೊಂಡು ತಂತ್ರಾಂಶ ಸಂಸ್ಥೆ ನಡೆಸುವವರಿಗೆ, ಪೀಣ್ಯದಲ್ಲಿ ಯಂತ್ರೋಪಕರಣ ತಯಾರಿಸುವ ಸಣ್ಣ ಕೈಗಾರಿಕೋದ್ಯಮಿಗೆ ಇಂತಹ ತರಬೇತಿ ಕೇಂದ್ರವನ್ನು ಕಟ್ಟುವ ತ್ರಾಣ ಎಲ್ಲಿಂದ ಬರಬೇಕು? ಅವರು ಕಾಲೇಜು ಕಲಿಸಿದ್ದನ್ನೇ ನೆಚ್ಚಿಕೊಂಡಿರಬೇಕಾಗುತ್ತದೆ.

ಆದುದರಿಂದಲೇ ಕಾಲೇಜುಗಳು ಮೊದಲು ಸಿ ಭಾಷೆಯನ್ನು ಕಲಿಸಬೇಕೋ, ಜಾವಾವನ್ನೋ, ಪೈಥಾನನ್ನೋ ಎಂಬ ಚರ್ಚೆ ಉದ್ಯಮ ವಲಯದಲ್ಲಿ ಆಗಾಗ ಏಳುತ್ತಿರುತ್ತದೆ. ಈ ಚರ್ಚೆ ಇಷ್ಟು ಬಿಸಿಯಾಗಿ ನಡೆಯುವುದರ ಹೊಣೆಯಲ್ಲಿ ಅರ್ಧ ಪಾಲು ಉದ್ಯಮಿಗಳದೇ. ನೇಮಕಾತಿ ಜಾಹೀರಾತುಗಳಲ್ಲಿ ಭಾಷೆಗಳ ಹೆಸರುಗಳನ್ನು ಸಾಲಾಗಿ ಪೋಣಿಸಿ ‘ಇವು ಬಲ್ಲವರು ಬೇಕಾಗಿದ್ದಾರೆ’ ಎಂದು ಕೇಳುವವರೆಗೆ ಕಾಲೇಜುಗಳೂ ಹೆಸರುಗಳನ್ನೇ ಒದಗಿಸುತ್ತವೆ. ಆದರೆ ಪುಸ್ತಕವನ್ನು ಅಳೆಯಲು ಅದಕ್ಕಿಂತ ನಂಬಲರ್ಹವಾದ ಅಳತೆಗೋಲು ಬೇರೊಂದಿದೆ: ಪ್ರತಿ ಅಧ್ಯಾಯದ ಕೊನೆಯಲ್ಲಿ ಅದು ಎಂತಹ ಲೆಕ್ಕಗಳನ್ನು ಕೊಡುತ್ತದೆ, ಅವನ್ನು ಬಿಡಿಸುವ ದಾರಿಯನ್ನು ಹೇಗೆ ತೋರಿಸುತ್ತದೆ ಎಂಬುದು.

ಪುಸ್ತಕ ಆಯ್ಕೆಯಾಗುವ ಬಗೆ

ಈಗ ಬಹುತೇಕ ಕಡೆ ನಡೆದುಬಂದಿರುವ ರೀತಿ ಎಲ್ಲರಿಗೂ ತಿಳಿದುದೇ. ಪಠ್ಯಕ್ರಮದಲ್ಲಿ ಐದು ಘಟಕಗಳಿದ್ದರೆ ಪುಸ್ತಕದಲ್ಲಿಯೂ ಅದೇ ಅನುಕ್ರಮದಲ್ಲಿ ಐದು ಭಾಗಗಳಿರಬೇಕು, ಹಿಂದಿನ ವರ್ಷಗಳ ಪ್ರಶ್ನೆಗಳಿಗೆ ಉತ್ತರಗಳಿರಬೇಕು, ಬೆಲೆ ಕೈಗೆಟುಕುವಂತಿರಬೇಕು. ಬೆಲೆಯ ಮಾತು ಸಣ್ಣದಲ್ಲ; ಇ. ಬಾಲಗುರುಸಾಮಿಯವರ ‘ಪ್ರೋಗ್ರಾಮಿಂಗ್ ಇನ್ ಆನ್ಸಿ ಸಿ’ ಹಾಗೂ ಯಶವಂತ ಕಾನೇಟ್ಕರರ ‘ಲೆಟ್ ಅಸ್ ಸಿ’ ದೇಶದ ಮೂಲೆಮೂಲೆಗಳ ಕಾಲೇಜುಗಳನ್ನು ತಲುಪಿದ್ದಕ್ಕೆ ಅವುಗಳ ಸರಳ ಇಂಗ್ಲಿಷು ಮತ್ತು ಮಿತವಾದ ಬೆಲೆ ಎರಡೂ ಕಾರಣ. ಇಂಗ್ಲಿಷ್ ಮಾಧ್ಯಮಕ್ಕೆ ಆಗತಾನೇ ಕಾಲಿಟ್ಟ ಲಕ್ಷಾಂತರ ವಿದ್ಯಾರ್ಥಿಗಳಿಗೆ ಆ ಪುಸ್ತಕಗಳು ಮಾಡಿದ ಉಪಕಾರವನ್ನು ಅಲ್ಲಗಳೆಯಲಾಗದು.

ತೊಡಕು ಹೆಚ್ಚಾಗಿ ಪುಸ್ತಕದ ಹೊರಗೆ, ಪ್ರಯೋಗಾಲಯದಲ್ಲಿದೆ. ಹಲವು ಕಾಲೇಜುಗಳಲ್ಲಿ ಇಡೀ ಅವಧಿಗೆ ಹತ್ತು ಹನ್ನೆರಡು ಪ್ರೋಗ್ರಾಂಗಳ ಪಟ್ಟಿಯೊಂದು ಮೊದಲೇ ನಿಗದಿಯಾಗಿರುತ್ತದೆ. ವಿದ್ಯಾರ್ಥಿಗಳು ಅವನ್ನು ರೆಕಾರ್ಡ್ ಪುಸ್ತಕಕ್ಕೆ ಅಂದವಾಗಿ ನಕಲು ಮಾಡುತ್ತಾರೆ. ಪ್ರಾಯೋಗಿಕ ಪರೀಕ್ಷೆಯ ದಿನ ಚೀಟಿ ಎತ್ತಿ, ಬಂದ ಪ್ರೋಗ್ರಾಂ ಅನ್ನು ಉರು ಹೊಡೆದಂತೆ ಟೈಪು ಮಾಡುತ್ತಾರೆ. ದ್ವಿಘಾತ ಸಮೀಕರಣದ ಮೂಲಗಳು, ಮ್ಯಾಟ್ರಿಕ್ಸ್ ಗುಣಾಕಾರ, ಬಬಲ್ ಸಾರ್ಟ್, ಅವಿಭಾಜ್ಯ ಸಂಖ್ಯೆ: ವರ್ಷಗಳು ಉರುಳಿದರೂ ಪಟ್ಟಿಗೆ ವಯಸ್ಸಾಗುವುದಿಲ್ಲ. ಪಟ್ಟಿಯಲ್ಲಿಲ್ಲದ ಲೆಕ್ಕವೊಂದನ್ನು ಎದುರಿಗಿಟ್ಟರೆ ಎಲ್ಲಿಂದ ಆರಂಭಿಸಬೇಕೆಂಬುದೇ ತೋಚದಂತಾಗುವುದು ಈ ಪದ್ಧತಿಯ ಸಹಜ ಫಲ. ಅದಕ್ಕೆ ವಿದ್ಯಾರ್ಥಿಯ ಬುದ್ಧಿಮತ್ತೆಯನ್ನು ದೂರುವುದು ನ್ಯಾಯವಲ್ಲ.

ಇದಕ್ಕೆ ಟರ್ಬೊ ಸಿ ಎಂಬ ಹಳೆಯ ಸಾಧನದ ಕಥೆಯೂ ಸೇರಿಕೊಳ್ಳುತ್ತದೆ. ಬೋರ್‌ಲ್ಯಾಂಡ್ ಸಂಸ್ಥೆ 1987ರಲ್ಲಿ ಡಾಸ್ ಗಣಕಗಳಿಗಾಗಿ ಹೊರತಂದ ಈ ಕಂಪೈಲರು ತನ್ನ ಕಾಲಕ್ಕೆ ಅತ್ಯುತ್ತಮವಾದುದೇ. ಆದರೆ ಅದರ ತವರಿನಲ್ಲಿ ಅದನ್ನು ಮರೆತು ಎಷ್ಟೋ ವರ್ಷಗಳಾದ ಮೇಲೂ ಭಾರತದ ಕಾಲೇಜುಗಳು ಅದನ್ನು ಬಿಡಲಿಲ್ಲ. ಅದರಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ ದೊರೆಯುವ ಜಾಗ 16 ಬಿಟ್‌ಗಳು ಮಾತ್ರ. ಅಂದರೆ 32,767ಕ್ಕಿಂತ ದೊಡ್ಡ ಸಂಖ್ಯೆಯನ್ನು ಅದು ಹಿಡಿಯಲಾರದು. 40,000 ರೂಪಾಯಿಯ ಬಿಲ್ಲನ್ನು ಅಂತಹ ಜಾಗದಲ್ಲಿಟ್ಟು ಮುದ್ರಿಸಿದರೆ ಪರದೆಯ ಮೇಲೆ ಋಣ 25,536 ಎಂದು ಮೂಡುತ್ತದೆ. ಗಿರಾಕಿಯೇ ಹಣ ಕೊಡಬೇಕಾದಲ್ಲಿ ಅಂಗಡಿಯವನೇ ಗಿರಾಕಿಗೆ ಬಾಕಿಯಾದಂತೆ! ಇದನ್ನು ತರಗತಿಯಲ್ಲಿ ಒಮ್ಮೆ ತೋರಿಸಿ, ಹೀಗೇಕಾಯಿತು ಎಂದು ಕೇಳಿದ್ದರೆ ಅದೊಂದು ಅತ್ಯುತ್ತಮ ಪಾಠವಾಗುತ್ತಿತ್ತು. ಪಟ್ಟಿಯ ಪ್ರೋಗ್ರಾಂಗಳಲ್ಲಿ ಅಷ್ಟು ದೊಡ್ಡ ಸಂಖ್ಯೆಗಳು ಬರುವುದೇ ಅಪರೂಪವಾದ್ದರಿಂದ ಆ ಪ್ರಶ್ನೆ ಹುಟ್ಟುವುದಿಲ್ಲ.

ಇನ್ನು ಕೆಲವು ಪ್ರಶ್ನೆಪತ್ರಿಕೆಗಳ ಚಾಳಿ ಬೇರೆಯೇ. ಒಂದೇ ವೇರಿಯಬಲ್ಲಿನ ಬೆಲೆಯನ್ನು ಒಂದೇ ವಾಕ್ಯದಲ್ಲಿ ಎರಡು ಮೂರು ಬಾರಿ ಏರಿಸಿ, ‘ಉತ್ತರವೇನು?’ ಎಂದು ಕೇಳಲಾಗುತ್ತದೆ. ಸಿ ಭಾಷೆಯ ಅಧಿಕೃತ ಮಾನಕದ ಪ್ರಕಾರ ಅಂತಹ ವಾಕ್ಯಕ್ಕೆ ನಿಶ್ಚಿತ ಅರ್ಥವೇ ಇಲ್ಲ; ಒಂದೊಂದು ಕಂಪೈಲರು ಒಂದೊಂದು ಉತ್ತರ ಕೊಟ್ಟೀತು. ಅರ್ಥವಿಲ್ಲದ ವಾಕ್ಯಕ್ಕೆ ಅಂಕ ಕೊಡುವ ಪರೀಕ್ಷೆ ಬೇರಾವ ಶಾಸ್ತ್ರದಲ್ಲಿಯೂ ಉಳಿದುಕೊಳ್ಳುತ್ತಿರಲಿಲ್ಲ.

ಒಂದೊಂದು ಭಾಷೆಗೂ ಒಂದೊಂದು ಉದ್ದೇಶ

ಭಾಷೆಗಳ ಹಿನ್ನೆಲೆಯನ್ನು ನೋಡಿದರೆ ಈ ಗೊಂದಲ ತುಸು ತಿಳಿಯಾಗುತ್ತದೆ. ಬೇಸಿಕ್ ಭಾಷೆಯನ್ನು 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಸ್ ರೂಪಿಸಿದ್ದು ವಿಜ್ಞಾನದ ಹಿನ್ನೆಲೆಯಿಲ್ಲದವರಿಗೂ ಗಣಕ ನಿಲುಕಲಿ ಎಂದು. ಸ್ವಿಟ್ಜರ್‌ಲೆಂಡಿನ ನಿಕ್ಲಾಸ್ ವಿರ್ತ್ 1970ರಲ್ಲಿ ಪ್ಯಾಸ್ಕಲ್ಲನ್ನು ರಚಿಸಿದ್ದು ಶಿಸ್ತಿನ ಪ್ರೋಗ್ರಾಮಿಂಗನ್ನು ಕಲಿಸುವುದಕ್ಕಾಗಿಯೇ. ಸಿ ಭಾಷೆಯ ಹುಟ್ಟು ಹಾಗಲ್ಲ. ಅದು ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸ್ ವ್ಯವಸ್ಥೆಯನ್ನು ಬರೆಯಲು ಸಿದ್ಧವಾದ, ನುರಿತ ಕುಶಲಕರ್ಮಿಗಳ ಹತಾರ. 1978ರಲ್ಲಿ ಬಂದ ಕೆರ್ನಿಗನ್ ಮತ್ತು ರಿಚಿ ಅವರ ಪ್ರಸಿದ್ಧ ಗ್ರಂಥದ ಮುನ್ನುಡಿಯಲ್ಲಿಯೇ ಅದು ಪ್ರೋಗ್ರಾಮಿಂಗಿನ ಪ್ರವೇಶ ಪುಸ್ತಕವಲ್ಲ, ಮೂಲ ಪರಿಕಲ್ಪನೆಗಳ ಪರಿಚಯ ಓದುಗರಿಗೆ ಇರಬೇಕು ಎಂದು ಲೇಖಕರು ಎಚ್ಚರಿಸಿದ್ದಾರೆ. ಅಷ್ಟಾದರೂ ಅನೇಕ ಪಠ್ಯಕ್ರಮಗಳ ಮೊದಲ ವರ್ಷದ ಪರಾಮರ್ಶನ ಪಟ್ಟಿಯಲ್ಲಿ ಆ ಗ್ರಂಥದ ಹೆಸರು ತಪ್ಪುವುದಿಲ್ಲ. ಮುನ್ನುಡಿಯನ್ನು ಓದುವ ಅಭ್ಯಾಸ ಪಟ್ಟಿ ತಯಾರಿಸುವವರಿಗೂ ಇದ್ದರೆ ಒಳಿತು.

ಭಾರತದಲ್ಲಿ ಈ ಬೋಧನೆಗೆ ಒಳ್ಳೆಯ ಪರಂಪರೆಯೇ ಇದೆ. ಕಾನ್ಪುರದ ಐ.ಐ.ಟಿ.ಗೆ 1963ರಲ್ಲಿ ಐ.ಬಿ.ಎಂ. 1620 ಗಣಕವು ಬಂದ ಮೇಲೆ ಅಲ್ಲಿ ಫೋರ್ಟ್ರಾನ್ ಬೋಧನೆ ಬೇರೂರಿತು. ಅಲ್ಲಿ ಪಾಠ ಹೇಳಿದ ವಿ. ರಾಜಾರಾಮನ್ ಅವರು ಭಾರತದ ವಿದ್ಯಾರ್ಥಿಗಳನ್ನೇ ಕಣ್ಣೆದುರಿಗಿಟ್ಟುಕೊಂಡು ಪುಸ್ತಕಗಳನ್ನು ಬರೆದರು. 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೂ ಆ ಕೆಲಸವನ್ನು ಮುಂದುವರಿಸಿದರು. ತರಗತಿಯಲ್ಲಿ ನಿಂತು ಪಾಠ ಹೇಳಿದವರೇ, ಕಲಿಯುವವರು ಎಲ್ಲಿ ಎಡವುತ್ತಾರೆಂಬುದನ್ನು ಕಂಡವರೇ ಪುಸ್ತಕ ಬರೆದರೆ ಅದರ ರುಚಿಯೇ ಬೇರೆ. ಪ್ರಶ್ನೋತ್ತರ ರೂಪದ ಮಾರ್ಗದರ್ಶಿಗಳ ಮಹಾಪೂರದಲ್ಲಿ ಆ ಬಗೆಯ ಬರವಣಿಗೆಯು ಹಿಂದೆ ಸರಿದದ್ದು ವಿಷಾದದ ಸಂಗತಿ.

ಮಳೆಯ ಸರಾಸರಿಯ ಲೆಕ್ಕ

ಭಾಷೆ ಬದಲಾದ ಮಾತ್ರಕ್ಕೆ ಕಲಿಕೆ ಬದಲಾಗುವುದಿಲ್ಲ ಎಂಬುದಕ್ಕೆ ಪುರಾವೆಯಾಗಿ ನಿಂತಿರುವುದು ಒಂದು ಪುಟ್ಟ ಲೆಕ್ಕ. 1980ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿಯಟ್ ಸೊಲೊವೆ ಮತ್ತು ಅವರ ಸಂಗಡಿಗರು ವಿದ್ಯಾರ್ಥಿಗಳ ಮುಂದಿಟ್ಟ ಈ ಸಮಸ್ಯೆಯು ‘ಮಳೆಯ ಲೆಕ್ಕ’ ಎಂದೇ ಹೆಸರಾಗಿದೆ. ದಿನದಿನದ ಮಳೆಯ ಪ್ರಮಾಣವನ್ನು ಒಂದೊಂದಾಗಿ ಓದಬೇಕು. 99999 ಎಂಬ ಸಂಖ್ಯೆ ಬಂದೊಡನೆ ನಿಲ್ಲಿಸಬೇಕು. ನಡುವೆ ಋಣ ಸಂಖ್ಯೆಗಳು ಬಂದರೆ ತಪ್ಪು ನಮೂದುಗಳೆಂದು ಬಿಟ್ಟುಬಿಡಬೇಕು. ಕೊನೆಗೆ ಸರಾಸರಿಯನ್ನು ಹೇಳಬೇಕು. ಕಾಗದ ಪೆನ್ಸಿಲು ಕೊಟ್ಟರೆ ಪ್ರೌಢಶಾಲೆಯ ಮಕ್ಕಳೂ ಮಾಡಬಲ್ಲ ಈ ಲೆಕ್ಕಕ್ಕೆ ಪ್ರೋಗ್ರಾಂ ಬರೆಯುವಾಗ ಹೆಚ್ಚಿನ ವಿದ್ಯಾರ್ಥಿಗಳು ಮುಗ್ಗರಿಸಿದರು. ಕೆಲವರು ನಿಲುಗಡೆಯ 99999ನ್ನೂ ಮೊತ್ತಕ್ಕೆ ಸೇರಿಸಿದರು. ಕೆಲವರು ಋಣ ಸಂಖ್ಯೆಯನ್ನು ಕೂಡಿಸದಿದ್ದರೂ ದಿನಗಳ ಎಣಿಕೆಯಲ್ಲಿ ಅದನ್ನು ಬಿಡಲು ಮರೆತರು. ಲೆಕ್ಕಕ್ಕೆ ಸಿಗುವ ದಿನ ಒಂದೂ ಇಲ್ಲದಿದ್ದರೆ ಸೊನ್ನೆಯಿಂದ ಭಾಗಿಸಿದಂತಾಗುತ್ತದೆ ಎಂಬುದು ಬಹಳ ಮಂದಿಗೆ ಹೊಳೆಯಲೇ ಇಲ್ಲ.

ವ್ಯಾಪಾರಸ್ಥರಿಗೆ ಇದು ಹೊಸದೇನಲ್ಲ. ಮಳೆಯ ಬದಲು ದಿನದ ವಹಿವಾಟು ಎಂದೂ, ಋಣ ಸಂಖ್ಯೆಯ ಬದಲು ಹಿಂದಿರುಗಿಸಿದ ಸರಕೆಂದೂ, ಲೆಕ್ಕಕ್ಕೆ ಸಿಗದ ದಿನದ ಬದಲು ಅಂಗಡಿ ತೆರೆಯದ ದಿನವೆಂದೂ ಇಟ್ಟುಕೊಂಡರೆ ಗುಮಾಸ್ತರು ಪ್ರತಿ ತಿಂಗಳೂ ಮಾಡುವ ಕೆಲಸವೇ ಇದು. ಅನುಭವಿ ಗುಮಾಸ್ತರು ಇಂತಹ ಕಡೆ ತಪ್ಪುವುದಿಲ್ಲ. ಏನನ್ನು ಎಣಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ಲೆಕ್ಕ ಆರಂಭಿಸುವ ಮೊದಲೇ ಅವರು ನಿಶ್ಚಯಿಸಿಕೊಂಡಿರುತ್ತಾರೆ. ಪ್ರೋಗ್ರಾಮಿಂಗ್ ತರಗತಿಯಲ್ಲಿ ಆ ನಿಶ್ಚಯಕ್ಕೆ ಸಮಯವನ್ನೇ ಕೊಡುವುದಿಲ್ಲ. ನೇರವಾಗಿ ಕೀಲಿಮಣೆಗೆ ಕೈ ಹೋಗುತ್ತದೆ.

2001ರಲ್ಲಿ ಮೈಕೆಲ್ ಮೆಕ್ರಾಕೆನ್ ಅವರ ನೇತೃತ್ವದ ತಂಡವು ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಪ್ರೋಗ್ರಾಮಿಂಗಿನ ಆರಂಭಿಕ ಪಾಠ ಮುಗಿಸಿದ್ದ 216 ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ 110 ಅಂಕಗಳಿಗೆ ದೊರೆತ ಸರಾಸರಿ 23ನ್ನೂ ಮುಟ್ಟಲಿಲ್ಲ. ಅನುಕೂಲಗಳಿಗೆ ಕೊರತೆಯಿಲ್ಲದ ದೇಶಗಳ ಮಾತು ಇದು. ಕರ್ನಾಟಕದ ಕಾಲೇಜುಗಳನ್ನು ಮಾತ್ರ ಹೀಗಳೆಯುವವರು ಇದನ್ನು ಗಮನಿಸಬೇಕು. ಮುಂದೆ 2014ರಲ್ಲಿ ಕ್ಯಾಥಿ ಫಿಸ್ಲರ್ ಎಂಬ ಸಂಶೋಧಕಿ ಅದೇ ಮಳೆಯ ಲೆಕ್ಕವನ್ನು ಬೇರೊಂದು ಪದ್ಧತಿಯಲ್ಲಿ ಕಲಿತ ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದರು. ಅವರ ತಪ್ಪುಗಳ ಪ್ರಮಾಣ ಹಿಂದಿನ ಅಧ್ಯಯನಗಳಲ್ಲಿ ಕಂಡುದಕ್ಕಿಂತ ಕಡಿಮೆಯಿತ್ತು. ಆ ವಿದ್ಯಾರ್ಥಿಗಳು ಅನುಸರಿಸಿದ ಮಾರ್ಗದ ಮೂಲ ‘ಹೌ ಟು ಡಿಸೈನ್ ಪ್ರೋಗ್ರಾಮ್ಸ್’ ಎಂಬ ಪುಸ್ತಕ.

ದಾರಿ ತೋರುವ ಮೂರು ಪುಸ್ತಕಗಳು

ಮಥಾಯಸ್ ಫೆಲೈಸನ್ ಮತ್ತು ಮೂವರು ಸಹಲೇಖಕರ ಈ ಪುಸ್ತಕವು 2001ರಲ್ಲಿ ಪ್ರಕಟವಾಯಿತು; 2018ರಲ್ಲಿ ಎರಡನೆಯ ಆವೃತ್ತಿ ಬಂದಿತು. ಅಂತರ್ಜಾಲದಲ್ಲಿ ಅದನ್ನು ಉಚಿತವಾಗಿ ಓದಬಹುದು. ಅದರ ತಿರುಳು ಅಡುಗೆಯ ವಿಧಾನದಂತಹ ಒಂದು ಕ್ರಮ. ಮೊದಲು, ಎಂತಹ ಮಾಹಿತಿಯನ್ನು ಹೇಗೆ ಪ್ರತಿನಿಧಿಸಲಾಗುವುದು ಎಂಬುದನ್ನು ಬರೆಯಬೇಕು. ತರುವಾಯ ಪ್ರೋಗ್ರಾಂ ಏನು ಮಾಡಬೇಕೆಂಬುದನ್ನು ಒಂದು ವಾಕ್ಯದಲ್ಲಿ ಹೇಳಬೇಕು. ಅನಂತರ, ಪ್ರೋಗ್ರಾಂ ಬರೆಯುವ ಮೊದಲೇ, ಇಂತಹ ಸಂಖ್ಯೆ ಕೊಟ್ಟರೆ ಇಂತಹ ಉತ್ತರ ಬರಬೇಕು ಎಂಬ ನಾಲ್ಕಾರು ಉದಾಹರಣೆಗಳನ್ನು ಕೈಯಲ್ಲಿ ಲೆಕ್ಕ ಹಾಕಿ ಇಡಬೇಕು. ಆ ಮೇಲಷ್ಟೇ ಪ್ರೋಗ್ರಾಂ. ಕೊನೆಗೆ ಮೊದಲೇ ಬರೆದಿಟ್ಟ ಉದಾಹರಣೆಗಳೊಂದಿಗೆ ತಾಳೆ ನೋಡುವುದು. ಖಾಲಿ ಪಟ್ಟಿ ಕೊಟ್ಟರೆ ಉತ್ತರವೇನು ಎಂಬ ಉದಾಹರಣೆಯನ್ನು ಮೊದಲೇ ಬರೆದವರು ಸೊನ್ನೆಯಿಂದ ಭಾಗಿಸುವ ತಪ್ಪನ್ನು ಮಾಡುವುದು ಕಷ್ಟ. ಈ ಪುಸ್ತಕ ಬಳಸುವ ಭಾಷೆಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ಆದರೆ ಈ ಕ್ರಮವನ್ನು ಸಿ, ಜಾವಾ, ಪೈಥಾನ್ ಯಾವುದರಲ್ಲಿ ಬೇಕಾದರೂ ಅನುಸರಿಸಬಹುದು. ಬೋಧಕರು ಪುಸ್ತಕವನ್ನು ಬದಲಿಸಲಾಗದಿದ್ದರೂ ಕ್ರಮವನ್ನು ಎರವಲು ಪಡೆಯಲು ಯಾವ ಪಠ್ಯಕ್ರಮವೂ ಅಡ್ಡಿಪಡಿಸುವುದಿಲ್ಲ.

ಎರಡನೆಯದು ಆರ್. ಜಿ. ಡ್ರೊಮಿ ಅವರ ‘ಹೌ ಟು ಸಾಲ್ವ್ ಇಟ್ ಬೈ ಕಂಪ್ಯೂಟರ್’, 1982ರದು. ಇಲ್ಲಿ ಪ್ರತಿಯೊಂದು ಲೆಕ್ಕವನ್ನೂ ಎತ್ತಿಕೊಂಡು, ಅದನ್ನು ಬಿಡಿಸುವ ಯೋಚನೆ ಹೇಗೆ ಹಂತಹಂತವಾಗಿ ಬೆಳೆಯುತ್ತದೆ ಎಂಬುದನ್ನು ಲೇಖಕರು ಬಿಡಿಸಿ ತೋರಿಸುತ್ತಾರೆ; ಪ್ರೋಗ್ರಾಂ ಕೊನೆಗೆ ಬರುತ್ತದೆ. ಅಲ್ಲಿನ ಪ್ಯಾಸ್ಕಲ್ ಈಗ ಹಳತಾಗಿದೆ, ಯೋಚನೆ ಹಳತಾಗಿಲ್ಲ. ಕಾಲೇಜಿನ ಗ್ರಂಥಾಲಯದ ಮೂಲೆಯಲ್ಲಿ ಈ ಪುಸ್ತಕ ಧೂಳು ಹಿಡಿದು ಕುಳಿತಿದ್ದರೆ ಅದನ್ನು ಮುಂದಿನ ಸಾಲಿಗೆ ತರುವುದಕ್ಕೆ ಖರ್ಚೇನೂ ಇಲ್ಲ.

ಮೂರನೆಯದು ಎಂ.ಐ.ಟಿ.ಯ ಏಬಲ್‌ಸನ್ ಮತ್ತು ಸಸ್‌ಮನ್ 1985ರಲ್ಲಿ ಹೊರತಂದ ‘ಸ್ಟ್ರಕ್ಚರ್ ಅಂಡ್ ಇಂಟರ್‌ಪ್ರಿಟೇಶನ್ ಆಫ್ ಕಂಪ್ಯೂಟರ್ ಪ್ರೋಗ್ರಾಮ್ಸ್’. ಗಣಕ ವಿಜ್ಞಾನದ ಶ್ರೇಷ್ಠ ಗ್ರಂಥಗಳಲ್ಲಿ ಇದೂ ಒಂದೆಂಬ ಬಗ್ಗೆ ಎರಡು ಮಾತಿಲ್ಲ. ಆದರೂ ಇದನ್ನು ಮೊದಲ ಪುಸ್ತಕವಾಗಿ ಎಲ್ಲರಿಗೂ ಹಚ್ಚುವುದು ವಿವೇಕವಲ್ಲ. ಆರಂಭದಲ್ಲಿಯೇ ವರ್ಗಮೂಲದ ಅಂದಾಜು, ಕಲನಶಾಸ್ತ್ರದ ಅವಕಲನ ಇತ್ಯಾದಿ ಉದಾಹರಣೆಗಳು ಬರುತ್ತವೆ. ವಾಣಿಜ್ಯ ವಿಷಯ ಓದಿ ಬಿ.ಸಿ.ಎ.ಗೆ ಬಂದವರು ಗಣಿತಕ್ಕೆ ಹೆದರಿ ಪ್ರೋಗ್ರಾಮಿಂಗಿಗೇ ಬೆನ್ನು ತಿರುಗಿಸುವ ಅಪಾಯವಿದೆ. ಮೇಲೆ ಹೇಳಿದ ಮೊದಲ ಪುಸ್ತಕದ ಲೇಖಕರೂ ಇದೇ ಆಕ್ಷೇಪವನ್ನು ಎತ್ತಿದ್ದರು. ಸ್ವತಃ ಎಂ.ಐ.ಟಿ.ಯೇ ಎರಡು ದಶಕಗಳಿಗೂ ಹೆಚ್ಚು ಕಾಲ ಈ ಗ್ರಂಥವನ್ನು ಆಧರಿಸಿ ಪಾಠ ನಡೆಸಿ, 2000ದ ದಶಕದ ಕೊನೆಯ ಹೊತ್ತಿಗೆ ಪೈಥಾನ್ ಭಾಷೆಯ ಕಡೆಗೆ ಹೊರಳಿತು.

ಪೈಥಾನ್ ಬಂದಿತು, ಸಮಸ್ಯೆ ಹೋಯಿತೇ?

1991ರಲ್ಲಿ ಗೈಡೊ ವಾನ್ ರೋಸಮ್ ಬಿಡುಗಡೆ ಮಾಡಿದ ಪೈಥಾನ್ ಇಂದು ಆರಂಭಿಕ ಬೋಧನೆಯನ್ನು ಬಹುಮಟ್ಟಿಗೆ ಆವರಿಸಿಕೊಂಡಿದೆ. 2014ರಲ್ಲಿ ಫಿಲಿಪ್ ಗುವೊ ಮಾಡಿದ ಸಮೀಕ್ಷೆಯಲ್ಲಿ ಅಮೆರಿಕದ ಅಗ್ರ ಹತ್ತು ಗಣಕ ವಿಜ್ಞಾನ ವಿಭಾಗಗಳ ಪೈಕಿ ಎಂಟರಲ್ಲಿ ಆರಂಭಿಕ ಪಾಠ ಪೈಥಾನಿನಲ್ಲಿತ್ತು. ಭಾರತದಲ್ಲಿ ಎನ್.ಸಿ.ಇ.ಆರ್.ಟಿ.ಯ ಹನ್ನೊಂದನೆಯ ತರಗತಿಯ ಗಣಕ ವಿಜ್ಞಾನ ಪುಸ್ತಕವೂ ಇದನ್ನೇ ಆಯ್ದುಕೊಂಡಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮವು ಮೊದಲ ವರ್ಷದಲ್ಲಿ ಸಿ ಭಾಷೆಯ ಜೊತೆಗೆ ಪೈಥಾನ್, ಜಾವಾ ಮುಂತಾದವುಗಳ ಆಯ್ಕೆಗೂ ಅವಕಾಶ ನೀಡಿತು. ಆವರಣ ಚಿಹ್ನೆ, ಅರ್ಧವಿರಾಮಗಳ ಕಾಟವಿಲ್ಲದೆ ಮೊದಲ ದಿನವೇ ನಾಲ್ಕು ಸಾಲು ಬರೆದು ಫಲ ಕಾಣುವ ಈ ಭಾಷೆಯು ಸ್ವಾಗತಾರ್ಹವೇ.

ಆದರೆ ಪೈಥಾನಿಗೂ ಅದರದೇ ಆದ ಗುಂಡಿಗಳಿವೆ. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 170ನೆಯ ಕಲಮಿನಂತೆ ತೆರಿಗೆಯ ಮೊತ್ತವನ್ನು ಸಮೀಪದ ರೂಪಾಯಿಗೆ ಸರಿಹೊಂದಿಸುವಾಗ 50 ಪೈಸೆ ಅಥವಾ ಅದಕ್ಕೂ ಹೆಚ್ಚಿದ್ದರೆ ಒಂದು ರೂಪಾಯಿಗೆ ಏರಿಸಬೇಕು, ಕಡಿಮೆಯಿದ್ದರೆ ಕೈಬಿಡಬೇಕು. ಅಂದರೆ 2,502 ರೂಪಾಯಿ 50 ಪೈಸೆಯು 2,503 ಆಗಬೇಕು. ಪೈಥಾನಿನಲ್ಲಿ ಅಡಕವಾಗಿರುವ ‘ರೌಂಡ್’ ಸೌಲಭ್ಯವನ್ನು ಬಳಸಿದರೆ ಬರುವ ಉತ್ತರ 2,502! ಸರಿಯಾಗಿ ಅರ್ಧದಲ್ಲಿರುವ ಮೊತ್ತವನ್ನು ಸಮೀಪದ ಸಮ ಸಂಖ್ಯೆಗೆ ಹೊಂದಿಸುವುದು ಅದರ ನಿಯಮ. ಅದೇ 2,503 ರೂಪಾಯಿ 50 ಪೈಸೆ ಕೊಟ್ಟರೆ 2,504 ಎಂದು ಕಾನೂನಿಗೆ ಹೊಂದುವ ಉತ್ತರವನ್ನೇ ಕೊಡುತ್ತದೆ. ಆದ್ದರಿಂದ ಒಂದೇ ಉದಾಹರಣೆ ನೋಡಿ ಸರಿಯಿದೆ ಎಂದುಕೊಂಡವರು ಮೋಸ ಹೋಗುತ್ತಾರೆ. ದಶಮಾಂಶಗಳನ್ನು ಗಣಕವು ದ್ವಿಮಾನ ಪದ್ಧತಿಯಲ್ಲಿ ಇಡುವುದರಿಂದ ಹತ್ತು ಪೈಸೆಯನ್ನೂ ಇಪ್ಪತ್ತು ಪೈಸೆಯನ್ನೂ ರೂಪಾಯಿಯ ಭಿನ್ನರಾಶಿಗಳಾಗಿ ಕೂಡಿಸಿದರೆ ಕರಾರುವಾಕ್ಕಾಗಿ ಮೂವತ್ತು ಪೈಸೆ ಬರುವುದಿಲ್ಲ ಎಂಬುದು ಇನ್ನೊಂದು. ಹಣವನ್ನು ಪೈಸೆಗಳ ಪೂರ್ಣಾಂಕವಾಗಿ ಇಡಬೇಕು ಎಂಬ ಪಾಠವು ಯಾವ ಭಾಷೆಯಲ್ಲಿ ಕಲಿತವರಿಗೂ ಬೇಕು. ಬಿಲ್ಲಿನ ಲೆಕ್ಕವನ್ನು ಕೊಡುವ ಪುಸ್ತಕದಲ್ಲಿ ಅದು ತಾನಾಗಿಯೇ ಬರುತ್ತದೆ. ಅವಿಭಾಜ್ಯ ಸಂಖ್ಯೆಗಳ ಪುಸ್ತಕದಲ್ಲಿ ಬರುವುದಿಲ್ಲ.

ಸಿ ಭಾಷೆಯನ್ನು ಕೈಬಿಡಬಾರದು ಎನ್ನುವವರ ವಾದದಲ್ಲಿಯೂ ಹುರುಳಿದೆ. ಯಂತ್ರಗಳ ಒಳಗೆ ಕೂರುವ ಚಿಕ್ಕ ಚಿಪ್ಪುಗಳಿಗೆ, ಮೋಟಾರು ನಿಯಂತ್ರಕಗಳಿಗೆ, ವಿದ್ಯುತ್ ಮಾಪಕಗಳಿಗೆ ಇಂದಿಗೂ ಸಿ ಬೇಕೇ ಬೇಕು. ರಾಜ್ಯದ ಯಂತ್ರೋಪಕರಣ ಹಾಗೂ ವಿದ್ಯುನ್ಮಾನ ಕೈಗಾರಿಕೆಗಳಿಗೆ ಅದನ್ನು ಬಲ್ಲವರ ಅಗತ್ಯ ಸದಾ ಇರುತ್ತದೆ. ಲೆಕ್ಕ ಬಿಡಿಸುವ ಕ್ರಮವನ್ನು ಒಂದು ಅವಧಿಯಲ್ಲಿ ಪೈಥಾನಿನ ಮೂಲಕ ಕಲಿತು, ಎರಡನೆಯ ಅವಧಿಯಲ್ಲಿ ಸಿ ಭಾಷೆಯನ್ನು ಹೊಸ ಕಂಪೈಲರಿನೊಂದಿಗೆ, ಸ್ಮೃತಿಕೋಶದ ಚಿತ್ರ ಬರೆದುಕೊಂಡು ಕಲಿತರೆ ಎರಡೂ ಪಕ್ಷಗಳಿಗೆ ತೃಪ್ತಿಯಾಗುತ್ತದೆ.

ಉತ್ತರವೇ ಕೈಗೆ ಬಂದಾಗ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪಟ್ಟಿಯ ಪ್ರೋಗ್ರಾಂಗಳಿಗೆ ಉಳಿದಿದ್ದ ಅಲ್ಪಸ್ವಲ್ಪ ಬೆಲೆಯೂ ಹೋಯಿತು. ಪ್ರಯೋಗಾಲಯದ ಯಾವ ಲೆಕ್ಕಕ್ಕಾದರೂ ಕೃತಕ ಬುದ್ಧಿಮತ್ತೆಯ ಸಾಧನಗಳು ಕ್ಷಣಾರ್ಧದಲ್ಲಿ ಪ್ರೋಗ್ರಾಂ ಬರೆದುಕೊಡುತ್ತವೆ. ಇನ್ನು ಪ್ರೋಗ್ರಾಮಿಂಗನ್ನೇ ಕಲಿಯಬೇಕಾಗಿಲ್ಲ ಎಂದು ಕೆಲವರು ಹೇಳತೊಡಗಿದ್ದಾರೆ. ಕ್ಯಾಲ್ಕುಲೇಟರು ಬಂದ ಮೇಲೆ ಲೆಕ್ಕಪರಿಶೋಧಕರು ಬೇಡವಾದರೇ? ಯಂತ್ರ ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ ತೆರಿಗೆಯ ಸರಿಹೊಂದಿಕೆ ಕಾನೂನಿನಂತಿದೆಯೇ, ರಜಾ ದಿನವನ್ನು ಎಣಿಕೆಯಿಂದ ಬಿಡಲಾಗಿದೆಯೇ ಎಂದು ಓದಿ ಹೇಳಬಲ್ಲವರ ಅಗತ್ಯ ಈಗ ಹೆಚ್ಚಾಗಿದೆ. ಬರೆಯುವುದರಷ್ಟೇ ಓದುವುದನ್ನೂ ಕಲಿಸುವ ಪುಸ್ತಕಗಳು ಬೇಕು.

ಓದನ್ನು ಕಲಿಸಲು ಭಾರೀ ಸಲಕರಣೆಯೇನೂ ಬೇಕಿಲ್ಲ. ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ 2006ರಲ್ಲಿ ಪರಿಚಯಿಸಿದ ಅಭ್ಯಾಸದಲ್ಲಿ ಸರಿಯಾದ ಪ್ರೋಗ್ರಾಮಿನ ಸಾಲುಗಳನ್ನು ಕಲಸಿಕೊಡಲಾಗುತ್ತದೆ. ವಿದ್ಯಾರ್ಥಿಗಳು ಅವನ್ನು ಕ್ರಮದಲ್ಲಿ ಜೋಡಿಸಬೇಕು. ಚೀಟಿಗಳ ಮೇಲೆ ಸಾಲುಗಳನ್ನು ಬರೆದು ಹಂಚಿದರೆ ಸಾಕು, ನಾಲ್ಕು ವಿದ್ಯಾರ್ಥಿಗಳಿಗೆ ಒಂದು ಗಣಕವಿರುವ, ಮಧ್ಯಾಹ್ನ ವಿದ್ಯುತ್ತು ಕೈಕೊಡುವ ಕಾಲೇಜಿನಲ್ಲಿಯೂ ಇದನ್ನು ನಡೆಸಬಹುದು. ಪ್ರಾಯೋಗಿಕ ಪರೀಕ್ಷೆಗೆ ಎತ್ತುವ ಚೀಟಿಗಿಂತ ಈ ಚೀಟಿಗಳು ಹೆಚ್ಚು ಉಪಯುಕ್ತ.

ನೆಲದ ಲೆಕ್ಕಗಳು, ಕನ್ನಡದ ವಿವರಣೆ

2021ರಲ್ಲಿ ಎ.ಐ.ಸಿ.ಟಿ.ಇ. ಸಂಸ್ಥೆಯು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ದಾರಿ ತೆರೆಯಿತು. ಕನ್ನಡ ಪುಸ್ತಕವೆಂದರೆ ಇಂಗ್ಲಿಷ್ ಪುಸ್ತಕದ ಪಾರಿಭಾಷಿಕ ಪದಗಳಿಗೆ ಸಂಸ್ಕೃತದ ಅಂಗಿ ತೊಡಿಸುವುದು ಎಂಬ ಕಲ್ಪನೆಯಿಂದ ಪ್ರಯೋಜನವಿಲ್ಲ. ಲೂಪನ್ನು ಲೂಪೆಂದೇ ಕರೆಯಲಿ. ಅದು ಏಕೆ ಬೇಕು, ಎಲ್ಲಿ ನಿಲ್ಲಬೇಕು ಎಂಬ ವಿವರಣೆ ವಿದ್ಯಾರ್ಥಿಗಳು ಮನೆಯಲ್ಲಿ ಆಡುವ ಮಾತಿನಲ್ಲಿದ್ದರೆ ಸಾಕು. ಲೆಕ್ಕಗಳು ಅವರು ಕಂಡ ಲೋಕದಿಂದ ಬಂದರೆ ಇನ್ನೂ ಒಳಿತು.

ಅಂತಹ ಲೆಕ್ಕಗಳಿಗೆ ಇಲ್ಲಿ ಬರವಿಲ್ಲ. ಮಳೆಯ ಲೆಕ್ಕವನ್ನೇ ತೆಗೆದುಕೊಂಡರೆ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ಮಳೆಮಾಪಕಗಳನ್ನಿರಿಸಿದೆ. ಯೇಲ್ ವಿಶ್ವವಿದ್ಯಾಲಯದ ಕಾಲ್ಪನಿಕ ಮಳೆಗಿಂತ ಆಗುಂಬೆಯ ಮಳೆ, ಚಳ್ಳಕೆರೆಯ ಮಳೆ ವಿದ್ಯಾರ್ಥಿಗಳಿಗೆ ಹತ್ತಿರದವು. ಕೃಷಿ ಮಾರಾಟ ವಾಹಿನಿಯು ಮಾರುಕಟ್ಟೆಗಳ ಆವಕವನ್ನೂ ಕನಿಷ್ಠ, ಗರಿಷ್ಠ ಮತ್ತು ಮಾದರಿ ಧಾರಣೆಗಳನ್ನೂ ಪ್ರಕಟಿಸುತ್ತದೆ. ಶಿವಮೊಗ್ಗದ ಅಡಿಕೆಗೂ ಬ್ಯಾಡಗಿಯ ಮೆಣಸಿನಕಾಯಿಗೂ ಒಂದು ತಿಂಗಳ ಧಾರಣೆಯ ಏರಿಳಿತ ಕಂಡುಹಿಡಿಯುವುದು ಪಟ್ಟಿ, ಲೂಪು, ಹೋಲಿಕೆ ಮೂರನ್ನೂ ಕಲಿಸುತ್ತದೆ. ಒಂದು ಮೊತ್ತವನ್ನು ಚೆಕ್ಕಿನಲ್ಲಿ ಬರೆಯುವಂತೆ ಲಕ್ಷ, ಸಾವಿರಗಳಲ್ಲಿ ಕನ್ನಡದ ಅಕ್ಷರಗಳಿಗೆ ತರುವ ಲೆಕ್ಕ ಮೇಲ್ನೋಟಕ್ಕೆ ಸುಲಭ. ಇಪ್ಪತ್ತು ‘ಇಪ್ಪತ್ತ’ ಆಗುವುದನ್ನು, ಸಾವಿರ ‘ಸಾವಿರದ’ ಆಗುವುದನ್ನು ನಿಭಾಯಿಸುವಾಗ ಅದರ ಆಳ ತಿಳಿಯುತ್ತದೆ. ‘ಕನ್ನಡ’ ಎಂಬ ಪದದ ಉದ್ದವೆಷ್ಟು ಎಂದು ಪೈಥಾನನ್ನು ಕೇಳಿದರೆ ಅದು ಐದು ಎನ್ನುತ್ತದೆ, ಓದುವ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಒತ್ತಕ್ಷರವನ್ನು ಗಣಕವು ಹೇಗೆ ಬಿಡಿಸಿ ಇಟ್ಟುಕೊಳ್ಳುತ್ತದೆ ಎಂಬ ಕುತೂಹಲ ಹುಟ್ಟಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ. ವಿದೇಶದಲ್ಲಿ ಬರೆದ ಪುಸ್ತಕಗಳಿಂದ ಇಂತಹ ಲೆಕ್ಕಗಳನ್ನು ನಿರೀಕ್ಷಿಸಲಾಗದು.

ಉದ್ಯಮಿಗಳು ಮಾಡಬಹುದಾದುದು

ಪಠ್ಯಕ್ರಮವನ್ನು ಬದಲಿಸುವ ಅಧಿಕಾರ ವಾಣಿಜ್ಯ ಮಂಡಳಿಗಳಿಗಿಲ್ಲ. ಬೋಧಕರು ಏನನ್ನು ಕಲಿಸಬೇಕೆಂದು ಅಪ್ಪಣೆ ಕೊಡುವುದು ಶೋಭೆಯೂ ಅಲ್ಲ. ಆದರೆ ಸಂದರ್ಶನವು ಉದ್ಯಮಿಯ ಕೈಯಲ್ಲಿಯೇ ಇದೆ. ಎಷ್ಟು ಭಾಷೆ ಬಲ್ಲಿರಿ ಎಂದು ಕೇಳುವ ಬದಲು ಇಪ್ಪತ್ತು ಸಾಲಿನ ಪ್ರೋಗ್ರಾಂ ಒಂದನ್ನು ಕಾಗದದ ಮೇಲೆ ಕೊಟ್ಟು, ಯಾವ ಸಂಖ್ಯೆ ಕೊಟ್ಟರೆ ಇದು ತಪ್ಪು ಉತ್ತರ ಕೊಡುತ್ತದೆ ಎಂದು ಕೇಳಿದರೆ ಅರ್ಧ ಗಂಟೆಯಲ್ಲಿ ಅಭ್ಯರ್ಥಿಯ ಯೋಗ್ಯತೆ ತಿಳಿಯುತ್ತದೆ. ಸಂದರ್ಶನದಲ್ಲಿ ಕೇಳುವುದು ಬದಲಾದ ಸುದ್ದಿ ಕಾಲೇಜಿನ ಅಂಗಳಕ್ಕೆ ತಲುಪಲು ಒಂದು ವರ್ಷವೂ ಬೇಕಾಗುವುದಿಲ್ಲ. ಜಾಹೀರಾತಿನ ಒಕ್ಕಣೆಯನ್ನು ತಿದ್ದುವುದಕ್ಕಂತೂ ಕಾಸಿನ ಖರ್ಚಿಲ್ಲ.

ಕಾಲೇಜುಗಳಿಗೆ ಗಣಕಗಳನ್ನು ದಾನ ಮಾಡುವ ಸಂಸ್ಥೆಗಳು ಅನೇಕ ಇವೆ. ಲೆಕ್ಕಗಳನ್ನು ದಾನ ಮಾಡುವವರು ವಿರಳ. ಸದಸ್ಯ ಸಂಸ್ಥೆಗಳು ತಮ್ಮ ಹಳೆಯ ದಾಸ್ತಾನು ಪುಸ್ತಕದ, ಮಾರಾಟ ರಿಜಿಸ್ಟರಿನ, ಯಂತ್ರಗಳ ದುರಸ್ತಿ ದಾಖಲೆಯ ಕೆಲವು ತಿಂಗಳ ನಮೂದುಗಳನ್ನು ಸಮೀಪದ ಕಾಲೇಜಿಗೆ ಕೊಟ್ಟರೆ ಬೋಧಕರು ಅವುಗಳಿಂದ ಒಂದು ಅವಧಿಗೆ ಸಾಲುವಷ್ಟು ಅಭ್ಯಾಸಗಳನ್ನು ಹೆಣೆಯಬಲ್ಲರು. ಕೊಡುವ ಮೊದಲು ಗಿರಾಕಿಗಳ ಹೆಸರು, ದೂರವಾಣಿ ಸಂಖ್ಯೆ, ಜಿ.ಎಸ್.ಟಿ. ಸಂಖ್ಯೆಗಳನ್ನು ಅಳಿಸಿಬಿಡಬೇಕು. ಉಳಿದುದನ್ನು ಮಾತ್ರ ಓರಣಗೊಳಿಸುವ ಗೋಜಿಗೆ ಹೋಗಬಾರದು: ಒಂದೇ ಸರಕಿಗೆ ಮೂರು ಬಗೆಯ ಕಾಗುಣಿತ, ದಿನಾಂಕವನ್ನು ಒಮ್ಮೆ ತಿಂಗಳು ಮೊದಲಾಗಿ ಮತ್ತೊಮ್ಮೆ ದಿನ ಮೊದಲಾಗಿ ಬರೆದಿರುವುದು, ಮೊತ್ತದ ಕಲಮಿನಲ್ಲಿ ‘ನಂತರ ಕೊಡುವರು’ ಎಂಬ ಷರಾ, ಇವೆಲ್ಲವೂ ಇದ್ದಂತೆಯೇ ತರಗತಿಗೆ ಹೋಗಲಿ.